ಕರಡಿಗುಡ್ಡದಲ್ಲಿ ಕರಡಿ ಇಲ್ಲ

ಹೋದ ವಾರ ಕನಕಪುರದಲ್ಲಿ ಒಬ್ಬ ಹೊಸ ಡಾಕ್ಟರಮ್ಮನ ಬಳಿಗೆ ಹೋಗಿದ್ದೆ. ಆಕೆ ಕಂಪ್ಯೂಟರಿನ ಕಡೆ ಮುಖ ಮಾಡಿಕೊಂಡೇ ಕೇಳಿದರು, "ಶುಗರ್ ಇದೆಯಾ?" "ಇಲ್ಲ" ಎಂದೆ. "ಬೀಪಿ?" "ಇಲ್ಲ." "ಹಿಂದೆ ಏನಾದರೂ ಆಪರೇಷನ್ ಆಗಿದೆಯಾ?" "ಏನೂ ಇಲ್ಲ." ಶುಗರಿನ ಮಾತ್ರೆ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಬೀಪಿಯದು ಹೆಂಡತಿಯ ಕೈಚೀಲದಲ್ಲಿತ್ತು. ಹರ್ನಿಯಾ ಆಪರೇಷನ್ನಿನ ಗುರುತು ಮಾತ್ರ ಥಟ್ಟನೆ ತೋರಿಸುವಂಥ ಜಾಗದಲ್ಲಿರಲಿಲ್ಲ. ಹಿಂದೆ ನಿಂತಿದ್ದ ಹೆಂಡತಿ ಹಣೆ ಚಚ್ಚಿಕೊಂಡು, "ಎಲ್ಲಾ ಐತೆ ಬರ್ಕೊಳಿ ಡಾಕ್ಟ್ರಮ್ಮ, ಇವ್ರು ಹುಟ್ಟಿದ್ದೇ ಇಂಗೆ" ಎಂದಳು.

ಹುಟ್ಟಿದ್ದು ಹಾಗಲ್ಲ, ಬೆಳೆದದ್ದು ಹಾಗೆ. ಮರಳವಾಡಿಯಿಂದ ಒಳಕ್ಕೆ ಹೋದರೆ ಸಿಗುವ ನಮ್ಮೂರಿನಲ್ಲಿ, ಪೆನ್ನು ಹಿಡಿದವರು ಏನು ಕೇಳಿದರೂ ಮೊದಲ ಉತ್ತರ ಇಲ್ಲ. ಎರಡನೆಯದೂ ಇಲ್ಲ. ಮೂರನೆಯದಕ್ಕೆ, "ಕಾಪಿ ಕುಡೀತೀರಾ?" ನಿಮ್ಮ ಮನೆಗೆ ಜನಗಣತಿಯವರು ಬಂದರೆ ನೀವೇನು ಹೇಳುತ್ತೀರೋ ನನಗೆ ತಿಳಿಯದು. ನಮ್ಮಲ್ಲಿ ಒಳಗೆ ರೇಡಿಯೋ ಹಾಡುತ್ತಿರುವಾಗಲೇ ಹೊರಗೆ ನಿಂತು ರೇಡಿಯೋ ಇಲ್ಲ ಎಂದು ಬರೆಸಿದವರಿದ್ದಾರೆ. ಇಲ್ಲ ಎಂದು ಬರೆದುಕೊಂಡ ಗಣತಿಯವನು ಹಾಡು ಮುಗಿಯುವ ತನಕ ಜಗುಲಿಯಲ್ಲಿ ಕೂತು ಕೇಳಿ, ಆಮೇಲೆ ಪಕ್ಕದ ಮನೆಗೆ ಹೋದ. ಆ ಗಣತಿಯವನು ನಾನೇ. ಊರಿನ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದೆನಲ್ಲ, ದೇಶದಲ್ಲಿ ಎಣಿಸುವ ಕೆಲಸವೆಲ್ಲ ನಮ್ಮದೇ ಆಗಿತ್ತು.

ಈ ವಿದ್ಯೆ ನನಗೆ ತಾತನಿಂದ ಬಂದದ್ದು. ನಾನು ಚಿಕ್ಕವನಾಗಿದ್ದಾಗ ನಮ್ಮ ಹೊಲದ ಬದುವಿನಲ್ಲಿ ಒಂದು ಗಂಧದ ಮರವಿತ್ತು. ಯಾರೂ ನೆಟ್ಟದ್ದಲ್ಲ, ಹಕ್ಕಿ ಹಾಕಿ ಹೋದ ಬೀಜ. ಆಗಿನ ಕಾಲದಲ್ಲಿ ಗಂಧ ಯಾರ ಹೊಲದಲ್ಲಿ ಎದ್ದರೂ ಅದು ಸರ್ಕಾರದ್ದು. ಕಾಯುವುದು ಮಾತ್ರ ನಾವು. ಒಂದು ದಿನ ಯಾರೋ ಅದನ್ನು ಕೊಯ್ದುಕೊಂಡು ಹೋದರು. ಕಳ್ಳ ತಾನಲ್ಲ ಎಂದು ಫಾರೆಸ್ಟಿನವರನ್ನು ಒಪ್ಪಿಸಲು ತಾತ ಕನಕಪುರಕ್ಕೆ ಎಷ್ಟು ಸಲ ಓಡಾಡಿದನೆಂದರೆ, ಬಸ್ಸಿನ ಕಂಡಕ್ಟರು ಅವನನ್ನು ಕೇಳದೆಯೇ ಟಿಕೆಟು ಹರಿಯುತ್ತಿದ್ದ.

ಅಲ್ಲಿಂದಾಚೆಗೆ ನಮ್ಮ ಮನೆಯ ಮಕ್ಕಳಿಗೆಲ್ಲ ಒಂದು ಕೆಲಸ ಕಾಯಂ ಆಯಿತು. ರಾಗಿ ಹೊಲದಲ್ಲಿ ಕಳೆ ಕೀಳಲು ಇಳಿದರೆ ಮೊದಲು ಬದುವಿನ ಗಂಧದ ಸಸಿ ಕೀಳಬೇಕು, ಆಮೇಲೆ ಉಳಿದ ಕಳೆ. ಗಂಧವನ್ನು ಕಳೆಯೆಂದು ಕಿತ್ತೆಸೆದ ಜನ ಲೋಕದಲ್ಲಿ ಇನ್ನೆಲ್ಲಿದ್ದಾರೋ ನಾನರಿಯೆ. ಎಳೆಯ ಗಂಧದ ಗಿಡಕ್ಕೆ ವಾಸನೆಯಿರುವುದಿಲ್ಲ. ಕಿತ್ತ ಕೈಯನ್ನು ಮೂಸಿ ಮೂಸಿ ನನಗೆ ಬೇಜಾರಾಗುತ್ತಿತ್ತು. ತಾತ ಹೇಳುತ್ತಿದ್ದ, "ಬರ್ಕೊಳೋರ್ ಮುಂದೆ ಐತೆ ಅನ್ಬ್ಯಾಡ ಕಣ್ಲಾ. ಐತೆ ಅಂದ್ಯೋ, ಅದು ಅವರ್ದಾಗೋಯ್ತದೆ."

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದಾಗ, ಪಂಚಾಯ್ತಿಯ ಸೆಕ್ರೆಟರಿ ಒಂದು ಹಸಿರು ರಟ್ಟಿನ ದಪ್ಪ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟ. ಊರಿನ ಜೀವವೈವಿಧ್ಯವನ್ನೆಲ್ಲ ಅದರಲ್ಲಿ ಬರೆಯಬೇಕಂತೆ. ಮರ, ಬಳ್ಳಿ, ತಿನ್ನುವ ಸೊಪ್ಪು, ಮದ್ದಿನ ಬೇರು, ಕಾಡುಪ್ರಾಣಿ, ಹಕ್ಕಿ, ಹಾವು, ಕೊನೆಗೆ ಕಪ್ಪೆ ಕೂಡ. ಪ್ರತಿಯೊಂದಕ್ಕೂ ಮನೆಮನೆ ತಿರುಗಿ ಕೇಳಿ, ಇದೆ ಅಥವಾ ಇಲ್ಲ ಎಂದು ಬರೆದು, ಪಕ್ಕದ ಷರಾ ಕಾಲಮಿನಲ್ಲಿ ವಿವರ ಕೊಡಬೇಕು. ಇದೇನು ಪರವಾಗಿಲ್ಲ, ಸೊಗಸಾದ ಕೆಲಸವೇ ಎನ್ನಿಸಿತು ನನಗೆ. ಹಿಂದಿನ ತಿಂಗಳು ಊರಿನ ಪಾಯಿಖಾನೆಗಳನ್ನು ಎಣಿಸಿದ್ದೆ.

ಬರೆಯಲು ಬೇಕಾದಷ್ಟಿತ್ತು ಕೂಡ. ಊರಿಗೆ ಮೂಡಲಲ್ಲಿ ಕರಡಿಗುಡ್ಡ, ಅದರ ಬುಡಕ್ಕೆ ಗೋಮಾಳ, ಗೋಮಾಳದ ಅಂಚಿಗೆ ನವಿಲುಕುಂಟೆ. ಕಾರೆ, ಕವಳೆ, ಎಲಚಿ ಪೊದೆಗಳು. ಬಂಡೆಯ ಸಂದಿಯಲ್ಲಿ ಹಾಲೆ ಮರಗಳು. ಚನ್ನಪಟ್ಟಣದ ಬೊಂಬೆಯವರು ಹಾಲೆಮರ ಹುಡುಕಿಕೊಂಡು ಅಲ್ಲಿಂದ ಇಲ್ಲಿಯ ತನಕ ಬರುತ್ತಿದ್ದರು. ಒಂದು ಸಲ ಹಾಗೆ ಬಂದವರೊಬ್ಬರು ನನಗೆ ಅರಗಿನ ಬಣ್ಣ ಹಚ್ಚಿದ ಬುಗುರಿ ಕೊಟ್ಟಿದ್ದರು. ನಮ್ಮ ಗುಡ್ಡದ ಮರ ಚನ್ನಪಟ್ಟಣಕ್ಕೆ ಹೋಗಿ ಮೈಗೆ ಬಣ್ಣ ಹಚ್ಚಿಕೊಂಡು ತಿರುಗಾಡುತ್ತದಲ್ಲ ಎಂದು ಎಷ್ಟೋ ದಿನ ಬೆರಗಾಗಿದ್ದೆ. ಎಲಚಿ ಹಣ್ಣಾದಾಗ ಕರಡಿ ಇಳಿಯುತ್ತಿತ್ತು, ನಾವು ಬೆಳಿಗ್ಗೆ, ಅದು ಸಂಜೆ. ಈ ಪಾಳಿಯನ್ನು ಎರಡೂ ಕಡೆಯವರು ಪಾಲಿಸುತ್ತಿದ್ದೆವು. ಒಬ್ಬನನ್ನು ಬಿಟ್ಟು.

ಆ ಒಬ್ಬ ಬೀರ. ನನ್ನ ಜೊತೆ ನಾಲ್ಕನೇ ಕ್ಲಾಸಿನವರೆಗೆ ಓದಿ, ಆಮೇಲೆ ಅಪ್ಪನ ಕುರಿ ಹಿಂದೆ ಹೋದವನು. ಅವನ ಎಡ ಹೆಗಲಿನಿಂದ ಬೆನ್ನಿನವರೆಗೆ ನಾಲ್ಕು ಗೆರೆಯ ಗಾಯದ ಗುರುತಿದೆ. ಕುರಿ ಹೊಡೆದುಕೊಂಡು ಹೊತ್ತುಮೀರಿ ಬರುವಾಗ ಕರಡಿ ಮೈಮೇಲೆ ಬಿದ್ದ ಕಥೆಯನ್ನು ಅವನು ಇಪ್ಪತ್ತು ವರ್ಷ ಎಲ್ಲ ಮದುವೆಮನೆಗಳಲ್ಲೂ ಹೇಳಿದ್ದಾನೆ. ಬಾಡೂಟ ಬಡಿಸುವ ಹೊತ್ತಿಗೆ ಸರಿಯಾಗಿ ಅಂಗಿ ಬಿಚ್ಚಿ ತೋರಿಸುತ್ತಿದ್ದ. ಹಾಗಾಗಿ ಪುಸ್ತಕ ಹಿಡಿದು ಮೊದಲು ಅವನ ಮನೆಗೇ ಹೋದೆ.

"ಬೀರ, ಕರಡಿ ಇದೆ ಅಂತ ಬರೀಲಾ?"

"ಕರಡಿ? ಯಾವ್ ಕರಡಿಲಾ? ನಮ್ತಾವ ಎಲ್ಲೈತೆ ಕರಡಿ?"

"ಲೋ, ನಿನ್ನ ಬೆನ್ನು..."

"ಅದಾ? ತಂತಿಬೇಲಿ ಪರಚಿದ್ದು." ಬೀರ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಅವನು ಆ ಗುಂಡಿ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಅವನ ಹಿತ್ತಿಲಲ್ಲಿ ನವಿಲು ಕೂಗಿತು. ನಾನು ಅವನ ಮುಖ ನೋಡಿದೆ. "ಪಕ್ಕದೂರಿಂದು ಅದು," ಎಂದ. "ಬತ್ತದೆ, ಓಯ್ತದೆ. ನಮ್ಮೂರ್ದು ಅಂತ ಬರ್ಕೊಂಡ್ಬುಟ್ಟೀಯೆ, ಜ್ವಾಕೆ."

ಆಮೇಲೆ ಗುಟ್ಟು ತಿಳಿಯಿತು. ಕೋಡಿಹಳ್ಳಿ ಕಡೆಯ ನೆಂಟನೊಬ್ಬ ಯಾವುದೋ ನಾಮಕರಣಕ್ಕೆ ಬಂದಿದ್ದವನು, ಪಾಯಸ ಕುಡಿಯುತ್ತಾ ಒಂದು ಮಾತು ಹೇಳಿ ಹೋಗಿದ್ದ. ಪ್ರಾಣಿ ಇರುವ ಜಾಗವನ್ನೆಲ್ಲ ಬರೆದುಕೊಂಡು ಹೋಗಿ ಅಭಯಾರಣ್ಯ ಮಾಡುತ್ತಾರಂತೆ, ಆಮೇಲೆ ಕುರಿ ಬಿಡುವ ಹಾಗಿಲ್ಲವಂತೆ, ಸೌದೆ ಮುರಿಯುವ ಹಾಗಿಲ್ಲವಂತೆ. ಅವನು ಇದನ್ನು ಕಣ್ಣಾರೆ ಕಂಡಿದ್ದನೋ, ಇನ್ನೊಂದು ನಾಮಕರಣದಲ್ಲಿ ಕೇಳಿದ್ದನೋ ಯಾರೂ ವಿಚಾರಿಸಲಿಲ್ಲ. ಊರಿಗೆ ಊರೇ ಒಂದು ಬಾಯಾಯಿತು. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಎಂದೂ ಒಂದಾಗದ ಎರಡು ಪಾರ್ಟಿಗಳು ಮುಳ್ಳುಹಂದಿ ಇಲ್ಲ ಎನ್ನುವುದರಲ್ಲಿ ಒಂದಾದವು.

ನನಗೆ ಉಳಿದದ್ದು ದೊಡ್ಡವ್ವ. ನನ್ನ ತಾಯಿಯ ಅಕ್ಕ, ಹೆಸರು ಚಿಕ್ಕತಾಯಮ್ಮ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯ ಪಕ್ಕದಲ್ಲೇ ಇದ್ದಳು. ಬೆರಕೆ ಸೊಪ್ಪಿನ ಸಾರಿಗೆ ದೊಡ್ಡವ್ವನದೇ ಕೈ. ಬೆಳಿಗ್ಗೆ ಗೋಮಾಳಕ್ಕೆ ಹೋದಳೆಂದರೆ ಮಡಿಲು ತುಂಬ ಅಣ್ಣೆ, ಹೊನಗೊನೆ, ಗೋಣಿ, ಗಣಿಕೆ, ದೊಗ್ಗಲಿ, ತುಂಬೆ ಎಲ್ಲ ತುಂಬಿಕೊಂಡು ಬರುತ್ತಿದ್ದಳು. ಯಾವುದು ಎಷ್ಟು ಹಾಕಬೇಕು, ಯಾವುದು ಬಾಣಂತಿಗೆ ಕೂಡದು, ಯಾವುದನ್ನು ಮೊದಲ ಮಳೆ ಬಿದ್ದ ಮೇಲಷ್ಟೇ ಕೀಳಬೇಕು, ಎಲ್ಲ ಅವಳಿಗೆ ಗೊತ್ತಿತ್ತು. ಅಂಗಡಿಯಿಂದ ಸೊಪ್ಪು ತರುವವರನ್ನು ಕಂಡರೆ ಅವಳಿಗೆ ಅಯ್ಯೋ ಅನ್ನಿಸುತ್ತಿತ್ತು. ಅವಳ ದಿನ ಶುರುವಾಗುತ್ತಿದ್ದುದೇ ಆ ಗೋಮಾಳದಲ್ಲಿ. ಇವಳೊಬ್ಬಳು ನಿಜ ಹೇಳಿದರೂ ನನ್ನ ಪುಸ್ತಕ ಅರ್ಧ ತುಂಬುತ್ತದೆ ಎಂದುಕೊಂಡು ಹೋದೆ. ದೊಡ್ಡವ್ವ ಆಗತಾನೆ ಗುಡ್ಡದಿಂದ ಇಳಿದು ಬಂದಿದ್ದಳು.

"ದೊಡ್ಡವ್ವ, ಗೋಮಾಳದಲ್ಲಿ ಏನೇನು ಸೊಪ್ಪಿದೆ ಹೇಳು."

"ನಂಗೇನ್ ಗೊತ್ತಪ್ಪ? ನಾ ಯಾವತ್ ಓಗಿದ್ದೀನಿ ಅಲ್ಗೆ?" ಎನ್ನುತ್ತಾ ಮಡಿಲಿನಿಂದ ಸೊಪ್ಪನ್ನು ಮೊರಕ್ಕೆ ಸುರಿದಳು.

"ಮತ್ತೆ ಇದು?"

"ಇದು ಬರೇ ಹುಲ್ಲು. ಎಮ್ಮೆಗೆ."

ಎಮ್ಮೆಯನ್ನು ಮಾರಿ ಎರಡು ವರ್ಷವಾಗಿತ್ತು. ಅವಳು ಒಲೆಯ ಮೇಲೆ ಬೇಳೆ ಇಟ್ಟಳು. ನಾನು ಅಲ್ಲೇ ಕೂತು ಮುದ್ದೆಯ ಜೊತೆ ಆ ಎಮ್ಮೆಯ ಹುಲ್ಲನ್ನು ಎರಡು ಸಲ ಹಾಕಿಸಿಕೊಂಡು ಉಂಡು, ಕೈ ತೊಳೆದು, ಪುಸ್ತಕದಲ್ಲಿ "ತಿನ್ನುವ ಸೊಪ್ಪುಗಳು: ಇಲ್ಲ" ಎಂದು ಬರೆದೆ.

ನಾನೇನು ಇವರಿಗಿಂತ ಮೇಲಿನವನೆಂದು ತಿಳಿಯಬೇಡಿ. ನಮ್ಮ ಹೊಲ ಗೋಮಾಳಕ್ಕೆ ಅಂಟಿಕೊಂಡಿತ್ತು. ಬದುವಿನಲ್ಲಿ ಎರಡು ಹಾಲೆ ಮರ, ಒಂದು ದೊಡ್ಡ ನೇರಳೆ. ನೇರಳೆಯ ಮೇಲೆ ಕಾಡುಪಾಪ ಕೂತಿದ್ದನ್ನು, ಅದರ ದೊಡ್ಡ ಕಣ್ಣುಗಳನ್ನು, ನಾನೇ ನೋಡಿದ್ದೆ. ಬರೆಯಬೇಕೆಂದು ಪೆನ್ನಿನ ಮುಚ್ಚಳ ತೆಗೆದೆ. ತಾತನ ಬಸ್ಸಿನ ಓಡಾಟ ನೆನಪಾಯಿತು. ಇಲ್ಲ ಎಂದು ಬರೆದೆ. ಆಮೇಲೆ ಸಲೀಸಾಯಿತು. ಕರಡಿಗುಡ್ಡದಲ್ಲಿ ಕರಡಿ: ಇಲ್ಲ. ನವಿಲುಕುಂಟೆಯಲ್ಲಿ ನವಿಲು: ಇಲ್ಲ. ಉಡ, ಮೊಲ, ಪುನುಗಿನ ಬೆಕ್ಕು, ಗೌಜಲ ಹಕ್ಕಿ ಯಾವುದಕ್ಕೂ ಮತ್ತೆ ಇಲ್ಲ ಎಂದು ಬರೆಯುವ ಶ್ರಮವೂ ಬೇಕಾಗಲಿಲ್ಲ, ಕೆಳಗೆ ಕೆಳಗೆ ಎರಡೆರಡು ಚುಕ್ಕೆ ಇಟ್ಟುಕೊಂಡು ಹೋದೆ. ಷರಾ ಕಾಲಮನ್ನು ಖಾಲಿ ಬಿಡಬಾರದೆಂದು ಸೂಚನೆಯಿತ್ತು. ನಾನು ಸೂಚನೆ ಮೀರುವವನಲ್ಲ. ಕರಡಿಯ ಮುಂದೆ, "ಗ್ರಾಮಸ್ಥರೊಬ್ಬರ ಬೆನ್ನಿನ ಗಾಯವು ತಂತಿಬೇಲಿಯಿಂದ ಆದದ್ದೆಂದು ಖಚಿತಪಡಿಸಿರುತ್ತಾರೆ" ಎಂದು ದುಂಡಗೆ ಬರೆದೆ.

ಆ ಪುಸ್ತಕಕ್ಕೆ ಬಹುಮಾನ ಬಂತು. ನಗಬೇಡಿ. ಉಳಿದ ಊರಿನವು ಗೀಚಿ, ತಿದ್ದಿ, ಎಣ್ಣೆ ಮೆತ್ತಿಕೊಂಡು ಬಂದಿದ್ದವಂತೆ. ನಮ್ಮದು ಒಂದು ಚಿತ್ತುಕಾಟಿಲ್ಲದೆ ಮುತ್ತು ಪೋಣಿಸಿದ ಹಾಗಿತ್ತು. ತಾಲ್ಲೂಕು ಸಭೆಯಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಅತ್ಯಂತ ಅಚ್ಚುಕಟ್ಟಾದ ದಾಖಲೆ ಎಂದು ಹೊಗಳಿ, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಗಿಡವನ್ನೂ ಕೊಟ್ಟರು. ಅದೇನು ಗಿಡವೆಂದು ಕೊಟ್ಟವರಿಗೂ ತಿಳಿದಿರಲಿಲ್ಲ. ನಾನು ಆ ಶಾಲು ಹೊದ್ದುಕೊಂಡೇ ಬಸ್ಸು ಹತ್ತಿದೆ, ಸೆಕೆ ಇದ್ದರೂ.

ಅಷ್ಟರಲ್ಲಿ ಹಾರೋಹಳ್ಳಿಯ ಕಡೆಯಿಂದ ಕಾರ್ಖಾನೆಗಳ ಶೆಡ್ಡುಗಳು ನಮ್ಮ ಕಡೆಗೆ ಸರಿದು ಬರುತ್ತಿದ್ದವು. ಒಂದು ವರ್ಷ ಕಳೆಯುವುದರೊಳಗೆ ಗೋಮಾಳದ ನಡುವೆ ಬಿಳಿ ಬಳಿದ ಕಲ್ಲುಗಳು ಎದ್ದು ನಿಂತವು. ನೋಟೀಸು ಬಂತು. ಕರಡಿಗುಡ್ಡದ ಬುಡವನ್ನೆಲ್ಲ ಕೈಗಾರಿಕೆಗೆ ಕೊಡುವುದಾಗಿ, ತಕರಾರಿದ್ದವರು ಅಹವಾಲು ಸಭೆಗೆ ಬರಬೇಕೆಂದು ಅದರಲ್ಲಿತ್ತು. ಬೀರನ ಅರವತ್ತು ಕುರಿಗೆ ಬೇರೆ ಮೇವಿನ ಜಾಗವಿರಲಿಲ್ಲ. ದೊಡ್ಡವ್ವನಿಗೆ ಬೇರೆ ಬೆಳಗು ಇರಲಿಲ್ಲ.

ಬೀರ ಓಡಿ ಬಂದ. "ಲೇ ಮೇಷ್ಟ್ರು, ತಗಿ ನಿನ್ ಪುಸ್ತಕವ. ಕರಡಿ ಐತೆ ಅಂತ ಬರಿ. ಒಂದಲ್ಲ, ಹತ್ತು ಬರಿ."

ಪುಸ್ತಕ ತಾಲ್ಲೂಕಿನಲ್ಲಿತ್ತು. ಹೊಸ ಅರ್ಜಿ ಬರೆಯೋಣವೆಂದು ಶಾಲೆಯ ಪಡಸಾಲೆಯಲ್ಲಿ ಊರು ಸೇರಿತು. ಇಲ್ಲ ಎನ್ನುವುದರಲ್ಲಿ ತೋರಿದ ಹುರುಪನ್ನೇ ಇದೆ ಎನ್ನುವುದರಲ್ಲೂ ತೋರಿತು. ಕರಡಿ, ಚಿರತೆ ಬರೆದೆ. "ಉಲಿ ಬರ್ಕೊಳಿ" ಎಂದರು ಯಾರೋ. "ಉಲಿ ಇದ್ರೆ ಮುಟ್ಟಂಗಿಲ್ವಂತೆ." ಹುಲಿ ಬರೆದೆ. ಹುಲಿಗೆ ಬಗ್ಗದಿದ್ದರೆ ಎಂದು ಸಿಂಹವನ್ನೂ ಸೇರಿಸಿದರು. ಗೋಡೆಯ ಮೇಲಿದ್ದ ಪ್ರಾಣಿಗಳ ಚಾರ್ಟನ್ನು ಬೀರ ಮೇಲಿನಿಂದ ಓದಿ ಬರೆಸಲು ಹೊರಟಾಗ ಖಡ್ಗಮೃಗಕ್ಕೆ ನಾನು ಪೆನ್ನು ಕೆಳಗಿಟ್ಟೆ.

ಮೂಲೆಯಲ್ಲಿ ಕೂತಿದ್ದ ದೊಡ್ಡವ್ವ ಒಬ್ಬಳೇ ಬೇಡವೆಂದಳು. "ಇರೋದ್ನ ಬರೀರಪ್ಪ ಸಾಕು. ನಾ ಒಂದೊಂದಾಗಿ ಯೋಳ್ತೀನಿ, ಬರ್ಕೊ ಮಗ. ಇರೋದ್ನೇ ಬರುದ್ರೂ ಹೊತ್ ಮುಳುಗ್ತದೆ."

ಅವಳು ಹೇಳತೊಡಗಿದಳು. ನನಗೆ ಗೊತ್ತಿದ್ದವು ಹತ್ತೋ ಹನ್ನೆರಡೋ. ಅವಳು ಹೇಳಿದವು ಅದರ ಮೂರರಷ್ಟು. ಆದರೆ ಹುಲಿ ಸಿಂಹಗಳಿಗೆ ದೊಡ್ಡ ಅಕ್ಷರ ಬಳಸಿದ್ದರಿಂದ ಹಾಳೆಯಲ್ಲಿ ಜಾಗ ಮುಗಿದಿತ್ತು. ಕೊನೆಯ ಸಾಲಿನಲ್ಲಿ "ಮತ್ತು ಇತರೆ ಸೊಪ್ಪುಗಳು" ಎಂದು ಬರೆದು ಕೆಳಗೆ ಗೆರೆ ಎಳೆದೆ.

ಸಭೆಯ ದಿನ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಬಂದ ಅಧಿಕಾರಿ ಮೃದು ಮಾತಿನ ಮನುಷ್ಯ, ಯಾರನ್ನೂ ಗದರಲಿಲ್ಲ. ಎಡಗೈಲಿ ಹಸಿರು ಪುಸ್ತಕ, ಬಲಗೈಲಿ ನಮ್ಮ ಅರ್ಜಿ. "ಹೋದ ವರ್ಷ ಈ ಊರಿನಲ್ಲಿ ಒಂದು ಮೊಲವೂ ಇರಲಿಲ್ಲ," ಎಂದರು. "ಈ ವರ್ಷ ಸಿಂಹ ಬಂದಿದೆ. ಸಂತೋಷ." ಶಾಮಿಯಾನದಲ್ಲಿ ಕೂತಿದ್ದ ಹೊರಗಿನವರೆಲ್ಲ ನಕ್ಕರು.

ಬೀರ ಎದ್ದು ಅಂಗಿ ಬಿಚ್ಚಿದ. "ಸಿಂಹ ಸುಳ್ಳೇ ಸಾಮಿ. ಇದ್ ನೋಡಿ, ಇದು ಕರಡಿ. ನಮ್ಮವ್ವನಾಣೆಗೂ ಕರಡಿ."

ಅಧಿಕಾರಿ ಪುಟ ತಿರುವಿದರು. "ತಂತಿಬೇಲಿ ಅಂತ ಖಚಿತಪಡಿಸಿದ್ದೀರಲ್ಲಪ್ಪ," ಎಂದರು. ಬೀರ ತಿರುಗಿ ನನ್ನನ್ನು ನೋಡಿದ. ಇಪ್ಪತ್ತು ವರ್ಷ ಹೇಳಿದ ಕಥೆಯನ್ನು ಜನ ನಂಬದೇ ಹೋದದ್ದು ಅವತ್ತೇ ಮೊದಲು, ಅದೂ ನನ್ನ ಅಕ್ಷರದಿಂದ.

ದೊಡ್ಡವ್ವ ಮುಂದೆ ಹೋಗಿ ಅಧಿಕಾರಿಯ ಮೇಜಿನ ಮೇಲೆ ಮಡಿಲನ್ನು ಬಿಚ್ಚಿ ಸುರಿದಳು. ಬೆಳಿಗ್ಗೆಯೇ ಹೋಗಿ ಕಿತ್ತು ತಂದಿದ್ದಳು. ಒಂದೊಂದನ್ನೇ ಎತ್ತಿ ಹಿಡಿದು ಹೆಸರು ಹೇಳಿದಳು, ಯಾವುದಕ್ಕೆ ಏನು ಗುಣ ಎಂದಳು. ಅಧಿಕಾರಿ ಸಮಾಧಾನದಿಂದಲೇ ಕೇಳಿ, "ಅಮ್ಮ, ಇವೆಲ್ಲ ಎಲ್ಲ ಕಡೆ ಬೆಳೆಯೋ ಕಳೆ. ದಾಖಲೆಯಲ್ಲೂ ಏನೂ ಇಲ್ಲ ಅಂತಲೇ ಇದೆ. ಇದನ್ನು ಬರೆದವರು ಇದ್ದಾರಾ ಇಲ್ಲಿ?" ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ಎದ್ದು ನಿಂತೆ. ಹೇಳಬೇಕಾಗಿದ್ದ ಮಾತು ಬಹಳ ಚಿಕ್ಕದು, ನಾನು ಬರೆದದ್ದು ಸುಳ್ಳು ಎಂದರೆ ಮುಗಿಯುತ್ತಿತ್ತು. ಅದರಿಂದ ಗೋಮಾಳ ಉಳಿಯುತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಸುಳ್ಳು ದಾಖಲೆ ಬರೆದ ಸರ್ಕಾರಿ ನೌಕರ ಏನಾಗುತ್ತಾನೆಂದು ಚೆನ್ನಾಗಿ ಗೊತ್ತಿತ್ತು. "ಗ್ರಾಮಸ್ಥರು ಹೇಳಿದ್ದನ್ನೇ ಬರೆದಿದ್ದೇನೆ ಸಾರ್," ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಷ್ಟು ಹೇಡಿತನದ ಮಾತನ್ನು ನಾನು ಇನ್ನೊಂದು ಸಲ ಆಡಿಲ್ಲ. ದೊಡ್ಡವ್ವ ಮೇಜಿನ ಮೇಲಿದ್ದ ಸೊಪ್ಪನ್ನೆಲ್ಲ ಮತ್ತೆ ಮಡಿಲಿಗೆ ಬಳಿದುಕೊಂಡಳು, ಒಂದು ದಂಟನ್ನೂ ಬಿಡಲಿಲ್ಲ.

ಕಾರ್ಖಾನೆ ಬಂತು. ಸುತ್ತ ಎತ್ತರದ ಗೋಡೆ, ಗೋಡೆಯ ಒಳಗೆ ಹಸಿರು ಪಟ್ಟಿ. ಗಿಡ ಬೆಳೆಸಬೇಕೆಂದು ಅವರಿಗೂ ನಿಯಮವಿತ್ತಂತೆ. ಕಾರೆ, ಎಲಚಿಗಳನ್ನು ಬುಲ್ಡೋಜರಿನಲ್ಲಿ ಸವರಿ, ಎಲ್ಲಿಂದಲೋ ಲಾರಿಯಲ್ಲಿ ಹುಲ್ಲಿನ ಹಾಸನ್ನು ಚಾಪೆಯಂತೆ ಸುರುಳಿ ಸುತ್ತಿ ತಂದು ಹಾಸಿದರು. ಪರಿಸರ ದಿನಾಚರಣೆಗೆ ನನ್ನನ್ನು ಕರೆದರು, ಜೀವವೈವಿಧ್ಯ ತಜ್ಞರು ಎಂದು. ಹೋದೆ. ಗಿಡ ನೆಟ್ಟು ಬೋಂಡ ತಿಂದು ಬಂದೆ. ಕರಡಿಗುಡ್ಡಕ್ಕೆ ಕರಡಿಯೂ ಬಂದಿತ್ತು. ಸಿಮೆಂಟಿನದು. ಬಾಯಿ ತೆರೆದು ನಿಂತಿತ್ತು, ಹೊಟ್ಟೆಯ ಮೇಲೆ "ಕಸ ಇಲ್ಲಿ ಹಾಕಿ" ಎಂದು ಬರೆದಿತ್ತು. ಬೋಂಡದ ಕಾಗದವನ್ನು ಅದರ ಬಾಯಿಗೇ ಹಾಕಿದೆ. ಬೀರ ಆ ಹೊತ್ತಿಗೆ ಕುರಿಗಳನ್ನೆಲ್ಲ ಮಾರಿ, ಅದೇ ಗೇಟಿನಲ್ಲಿ ನೀಲಿ ಅಂಗಿ ತೊಟ್ಟು ನಿಂತಿದ್ದ. ಕುತ್ತಿಗೆಯವರೆಗೆ ಗುಂಡಿ ಹಾಕಬೇಕೆಂದು ಕಂಪನಿಯ ನಿಯಮ.

ಊರಿನ ಹೆಂಗಸರಿಗೆ ಹುಲ್ಲುಹಾಸಿನ ಕಳೆ ಕೀಳುವ ಕೆಲಸ ಸಿಕ್ಕಿತು. ದೊಡ್ಡವ್ವನೂ ಹೋದಳು. ಬೇಡವೆಂದರೂ ಕೇಳಲಿಲ್ಲ. ಕಾರಣ ತಿಳಿದದ್ದು ಮೊದಲ ದಿನದ ಸಂಜೆ. ಮಡಿಲು ತುಂಬ ಅಣ್ಣೆ, ಹೊನಗೊನೆ, ಗೋಣಿ. ಎಷ್ಟು ಸವರಿದರೂ ನೆಲ ಅವನ್ನು ಮತ್ತೆ ಮತ್ತೆ ಹುಟ್ಟಿಸುತ್ತಿತ್ತು. "ಅವ್ರು ಕಳೆ ಕಿತ್ತಾಕು ಅಂತಾರೆ, ನಾ ಸೊಪ್ ಬುಡುಸ್ಕೊಂಡ್ ಬತ್ತೀನಿ. ಇಬ್ರಿಗೂ ನ್ಯಾಯ," ಎಂದು ನಕ್ಕಳು. ಎರಡು ಮಳೆಗಾಲ ಹಾಗೇ ನಡೆಯಿತು. ಗೇಟಿನಲ್ಲಿ ಬೀರ ಅವಳ ಮಡಿಲ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ನನಗೂ ಸಾರು ಬರುತ್ತಿತ್ತು. ಆಗಿದ್ದೇನು ಮಹಾ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮೂರನೆಯ ಮಳೆಗಾಲಕ್ಕೆ ಕಂಪನಿಯವರು ಕಳೆ ಸಾಯುವ ಔಷಧಿ ತರಿಸಿದರು. ಬೆನ್ನಿಗೆ ಡಬ್ಬ ಕಟ್ಟಿಕೊಂಡ ಒಬ್ಬನೇ ಒಂದು ದಿನದಲ್ಲಿ ಇಪ್ಪತ್ತು ಹೆಂಗಸರ ಕೆಲಸ ಮುಗಿಸಿದ. ಹೊಡೆದು ವಾರವಾದ ಮೇಲೆ, ಬೇರಿನಿಂದ ಏನಾದರೂ ಚಿಗುರಿದೆಯೇ ನೋಡಲೆಂದು ಹೆಂಗಸರನ್ನು ಕೊನೆಯ ಸಲ ಕರೆಸಿದರು. ಆ ಸಂಜೆ ದೊಡ್ಡವ್ವ ಬಂದಾಗ ನಾನು ಜಗುಲಿಯ ಮೇಲೆ ಯಾವುದೋ ಗಣತಿಯ ಹಾಳೆಗಳನ್ನು ಹರಡಿಕೊಂಡು ಕೂತಿದ್ದೆ. ತಲೆ ಎತ್ತದೆಯೇ, "ಇವತ್ತೇನು ಸೊಪ್ಪು ದೊಡ್ಡವ್ವ?" ಎಂದೆ.

ಅವಳು ನನ್ನ ಮುಂದೆ ಬಂದು ನಿಂತು ಮಡಿಲು ಕೊಡವಿದಳು. ಹಾಳೆಗಳ ಮೇಲೆ ಒಸಿ ಮಣ್ಣು ಉದುರಿತು, ಅಷ್ಟೇ.

"ಅದೇ ಆ ಹಸ್ರು ಪುಸ್ತಕ," ಎಂದಳು. "ಎಲ್ಲೈತೋ ತಂದು ಈಗ ಇಲ್ಲ ಅಂತ ಬರ್ಕೊ ಮಗ. ಈಗ್ ಬರುದ್ರೆ ಸುಳ್ಳಾಗಕಿಲ್ಲ."